ಬಿಚ್ಚಿಕೊಳ್ಳುವ ಚಕ್ಕಿಗೆ ಕೆಲಸಗಾರನ ಕಣ್ಣೇ ಬೆಲೆಯೆ?

ಮರ ಕಡೆಯುವ ಲೇತಿನ ಮುಂದೆ ಅಪಘಾತವಾದಾಗಲೆಲ್ಲ ಒಂದೇ ಮಾತು ಕೇಳಿಬರುತ್ತದೆ: "ಅವನು ಜಾಗರೂಕನಾಗಿರಲಿಲ್ಲ." ಈ ಒಂದು ಮಾತಿನಿಂದ ಲೇತು ಮಾರಿದವನು ಪಾರಾಗುತ್ತಾನೆ, ಅದನ್ನು ಕೂಡಿಸಿಕೊಟ್ಟವನು ಪಾರಾಗುತ್ತಾನೆ, ಹಣ ಹಾಕಿದ ಮಾಲೀಕನೂ ಪಾರಾಗುತ್ತಾನೆ. ಸಿಕ್ಕಿಬೀಳುವವನು ಗಾಯಗೊಂಡವನೊಬ್ಬನೇ. ಲೇತನ್ನು ಹಿಮ್ಮುಖವಾಗಿ ಓಡಿಸುವಾಗ ಚಕ್ಕು ಬಿಚ್ಚಿಕೊಂಡು ಹಾರುವ ಅಪಘಾತದ ಮಟ್ಟಿಗಂತೂ ಈ ಮಾತನ್ನು ನಾವು ಒಪ್ಪಲಾರೆವು. ಅದು ಕೆಲಸಗಾರನ ಅಜಾಗರೂಕತೆಯಲ್ಲ, ತಿರುಪಿನ ಗುಣ. ಮೊದಲೇ ತಿಳಿದಿರುವ, ಮೊದಲೇ ತಡೆಯಬಹುದಾದ ಸಂಗತಿ.

ಹಿಮ್ಮುಖವಾಗಿ ಓಡಿಸುವುದೇ ಏಕೆ ಎಂದು ಕೇಳುವವರಿದ್ದಾರೆ. ಮಂಚದ ಕಾಲಾಗಲಿ, ಮೆಟ್ಟಿಲ ಕಂಬವಾಗಲಿ, ಬಟ್ಟಲಾಗಲಿ, ಉಪ್ಪುಕಾಗದ ಹಾಕಿ ಉಜ್ಜುವಾಗ ಮರದ ಸಣ್ಣ ಎಳೆಗಳು ಒಂದೇ ದಿಕ್ಕಿಗೆ ಮಲಗಿಬಿಡುತ್ತವೆ. ದಿಕ್ಕು ಬದಲಿಸಿ ಉಜ್ಜಿದರೆ ಅವು ಎದ್ದು ಕತ್ತರಿಸಿಹೋಗಿ ಮೈ ನುಣುಪಾಗುತ್ತದೆ. ಗಿರಾಕಿಯು ಕೈಯಾಡಿಸಿ ಮೆಚ್ಚುವ ಆ ನುಣುಪಿಗಾಗಿಯೇ ರಿವರ್ಸ್ ಬೇಕು.

ಎರಡೂ ದಿಕ್ಕಿಗೆ ತಿರುಗಿಸುವುದು ನಮ್ಮ ಕುಶಲಕರ್ಮಿಗಳಿಗೆ ಹೊಸದೇನೂ ಅಲ್ಲ. ಬಿಲ್ಲಿನ ಹಗ್ಗದಿಂದ ಎಳೆಯುವ ಹಳೆಯ ಕಡಚಲಿನಲ್ಲಿ ಮರ ಹಿಂದಕ್ಕೂ ಮುಂದಕ್ಕೂ ತಿರುಗುತ್ತಿತ್ತು. ಆದರೆ ಅಲ್ಲಿ ಮರ ಎರಡು ಮೊನೆಗಳ ನಡುವೆ ಸಿಕ್ಕಿಕೊಂಡಿರುತ್ತಿತ್ತು. ಶಕ್ತಿ ಮನುಷ್ಯನ ತೋಳಿನದು. ವಿದ್ಯುತ್ ಮೋಟಾರು ಬಂದಿತು, ಥ್ರೆಡ್ಡಿನಿಂದ ಬಿಗಿಯುವ ಚಕ್ಕು ಬಂದಿತು. ಅಪಾಯದ ಸ್ವರೂಪವೇ ಬದಲಾಯಿತು.

ಆ ಅಪಾಯ ಯಾವುದು? ಸಾಮಾನ್ಯ ಮರದ ಲೇತಿನ ಸ್ಪಿಂಡಲಿಗೆ ಬಲಗೈ ಥ್ರೆಡ್ಡು ಇರುತ್ತದೆ. ಲೇತು ಮುಂದಕ್ಕೆ ಓಡುವಾಗ ಉಳಿಯ ಒತ್ತಡ ಚಕ್ಕನ್ನು ಇನ್ನಷ್ಟು ಬಿಗಿಯುತ್ತದೆ. ಹಿಂದಕ್ಕೆ ಓಡಿಸಿದೊಡನೆ ಅದೇ ಒತ್ತಡ ಚಕ್ಕನ್ನು ಬಿಚ್ಚತೊಡಗುತ್ತದೆ. ಬಾಟಲಿಯ ಮುಚ್ಚಳವನ್ನು ಯಾವ ಕಡೆ ತಿರುಗಿಸಿದರೆ ಬಿಗಿ, ಯಾವ ಕಡೆ ಸಡಿಲ ಎಂಬುದು ಮಗುವಿಗೂ ಗೊತ್ತು. ರಿವರ್ಸ್ ಗುಂಡಿ ಒತ್ತಿದ ಕ್ಷಣದಲ್ಲಿ ಸ್ಪಿಂಡಲು ಥಟ್ಟನೆ ಹೊರಡುತ್ತದೆ, ಭಾರವಾದ ಚಕ್ಕು ಹಿಂದುಳಿಯುತ್ತದೆ. ಅಲ್ಲೇ ಬಿಚ್ಚುವಿಕೆ ಆರಂಭ. ಮುಂದಕ್ಕೆ ಓಡುತ್ತಿರುವ ಲೇತಿಗೆ ಹಠಾತ್ತನೆ ಬ್ರೇಕ್ ಹಾಕಿದಾಗಲೂ ಇದೇ ಕಥೆ. ಸ್ಪಿಂಡಲು ನಿಲ್ಲುತ್ತದೆ, ಚಕ್ಕು ನಿಲ್ಲಲೊಲ್ಲದು.

ಬಿಚ್ಚಿಕೊಂಡರೆ ಏನಾಗುತ್ತದೆಂಬುದಕ್ಕೆ ಒಂದು ಲೆಕ್ಕ ಸಾಕು. 30 ಸೆಂಟಿಮೀಟರ್ ಅಗಲದ ಬಟ್ಟಲು ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 56 ಕಿಲೋಮೀಟರ್. ಆ ವೇಗದಲ್ಲಿ ಸುತ್ತುವ ಮರ, ಅದರ ಬೆನ್ನಿಗೆ ಕಬ್ಬಿಣದ ಚಕ್ಕು, ಎರಡೂ ಕೂಡಿ ಎದುರಿಗೆ ನಿಂತವನ ಮುಖಕ್ಕೋ ಎದೆಗೋ ಬಂದರೆ ಅದನ್ನು ಹಣೆಯ ಬರಹವೆನ್ನಬೇಕೆ?

ತಡೆಯುವ ಉಪಾಯ ಕಷ್ಟದ್ದಲ್ಲ. ಚಕ್ಕಿನ ಕುತ್ತಿಗೆಯಲ್ಲಿ ಒಂದು ಸಣ್ಣ ಗ್ರಬ್ ಸ್ಕ್ರೂ ಇರಬೇಕು; ಸ್ಪಿಂಡಲಿನಲ್ಲಿ ಥ್ರೆಡ್ಡಿನ ಹಿಂಬದಿಗೆ ಅದು ಕೂಡುವ ಗಾಡಿ ಇರಬೇಕು. ಚಕ್ಕನ್ನು ಧೂಳು ಒರೆಸಿ, ಸ್ಪಿಂಡಲಿನ ಭುಜಕ್ಕೆ ತಾಗುವವರೆಗೆ ತಿರುಪಿ, ಆಮೇಲೆ ಆ ಸ್ಕ್ರೂವನ್ನು ಬಿಗಿಯಬೇಕು. ಚಕ್ಕಿಗೂ ಸ್ಪಿಂಡಲಿಗೂ ನಡುವೆ ಅಳತೆ ಹೊಂದಿಸುವ ಅಡಾಪ್ಟರ್ ಇದ್ದರೆ ಅದಕ್ಕೂ ಇಂಥದೇ ಬೀಗ ಬೇಕು. ಗಾಡಿಯಿಲ್ಲದ ಸ್ಪಿಂಡಲಿನಲ್ಲಿ ಸ್ಕ್ರೂ ನೇರವಾಗಿ ಥ್ರೆಡ್ಡನ್ನೇ ಕಚ್ಚಿ ಹಾಳುಮಾಡುತ್ತದೆ. ನಡುವೆ ತಾಮ್ರದ ಚೂರೊಂದನ್ನು ಇಡುವ ರೂಢಿ ಇದಕ್ಕಾಗಿಯೇ. ಬೀಗವೇ ಇಲ್ಲದ ಚಕ್ಕನ್ನು ರಿವರ್ಸಿನಲ್ಲಿ ಓಡಿಸಲೇಬಾರದು. ಮರವನ್ನು ನಿಲ್ಲಿಸಿಕೊಂಡು ಕೈಯಿಂದಲೇ ಉಜ್ಜಬೇಕು.

ಬೀಗವಿದ್ದರೂ ಮಿತಿಯುಂಟು. ದಿಕ್ಕು ಬದಲಿಸುವ ಮುನ್ನ ಲೇತು ಪೂರ್ತಿ ನಿಲ್ಲಬೇಕು. ಕಡಮೆ ವೇಗದಿಂದ ಹೊರಡಬೇಕು. ವೇಗ ನಿಯಂತ್ರಿಸುವ ಡ್ರೈವ್ ಇದ್ದರೆ ಅದು ನಿಧಾನವಾಗಿ ಏರುವಂತೆ, ನಿಧಾನವಾಗಿ ಇಳಿಯುವಂತೆ ಹೊಂದಿಸಬೇಕು. ಸಾಧ್ಯವಿದ್ದಲ್ಲೆಲ್ಲ ಟೇಲ್‌ಸ್ಟಾಕಿನ ಆಸರೆ ಕೊಡಬೇಕು. ಗುಂಡಿ ಒತ್ತುವಾಗ ಮರದ ಎದುರಿಗಲ್ಲ, ಪಕ್ಕಕ್ಕೆ ನಿಲ್ಲಬೇಕು. ಮುಖಕ್ಕೆ ರಕ್ಷಣೆಯಿರಬೇಕು, ಕೈಗವಸು, ಹೆಗಲ ಟವಲು ಇರಕೂಡದು.

ಗಿರಣಿಯ ಬಂಧುಗಳಿಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ಸಂಗತಿಯುಂಟು. ಮೂರು ಫೇಸಿನ ಮೋಟಾರಿನಲ್ಲಿ ಎರಡು ತಂತಿ ಅದಲು ಬದಲಾದರೆ ಸಾಕು, ಅದು ಉಲ್ಟಾ ತಿರುಗುತ್ತದೆ. ವೈಂಡಿಂಗ್ ಮಾಡಿಸಿ ತಂದ ಮೋಟಾರನ್ನು ಜೋಡಿಸಿದ ದಿನ, ಹೊರಗೆ ಲೈನ್ ರಿಪೇರಿಯಾದ ದಿನ, ರಿವರ್ಸ್ ಗುಂಡಿಯನ್ನು ಮುಟ್ಟದೆಯೇ ಲೇತು ರಿವರ್ಸಿನಲ್ಲಿ ಓಡೀತು! ಅಂದು ಚಕ್ಕು ಕಳಚಿಟ್ಟು, ಬರಿಯ ಸ್ಪಿಂಡಲನ್ನು ತಿರುಗಿಸಿ ದಿಕ್ಕು ನೋಡದೆ ಯಾರನ್ನೂ ಕೆಲಸಕ್ಕೆ ನಿಲ್ಲಿಸಬಾರದು.

ಇಷ್ಟನ್ನೂ ನೋಡಬೇಕಾದ ಕಾನೂನು ಎಲ್ಲಿದೆ? 1948ರ ಕಾರ್ಖಾನೆ ಕಾಯಿದೆ ವಿದ್ಯುತ್ ಬಳಸಿ 10 ಮಂದಿ ದುಡಿಯುವ ಜಾಗವನ್ನು ಕಾರ್ಖಾನೆ ಎಂದಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ಚನ್ನಪಟ್ಟಣದಂಥ ಊರಿನಲ್ಲಿ ಮನೆಯ ಮಗ್ಗುಲಲ್ಲೇ ಒಂದೆರಡು ಲೇತು ಇಟ್ಟುಕೊಂಡು ಬೊಂಬೆಯ ಮರ ಕಡೆದು ಅರಗಿನ ಬಣ್ಣ ಹಾಕುವವರು ಹಳೆಯ ಲೆಕ್ಕದಲ್ಲೂ ಕಾರ್ಖಾನೆಯಾಗಲಿಲ್ಲ, ಹೊಸ ಲೆಕ್ಕದಲ್ಲೂ ಆಗಲಿಲ್ಲ. ಮರ ಹಾರುವಾಗ ತಲೆ ಎಣಿಸಿ ಹಾರುತ್ತದೆಯೆ?

ಗಾಯವಾದ ಮೇಲೆ ಸಿಗುವ ನ್ಯಾಯವನ್ನೂ ನೋಡಿ. 1923ರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ, ಇನ್ನೊಂದು ಕಣ್ಣು ಸರಿಯಿದ್ದರೆ, ಒಂದು ಕಣ್ಣು ಹೋದುದಕ್ಕೆ ದುಡಿಮೆಯ ಶಕ್ತಿಯಲ್ಲಿ ಶೇಕಡ 40 ನಷ್ಟವೆಂದು ಬರೆಯಲಾಯಿತು. ಉಳಿಯ ಮೊನೆಗೂ ಮರಕ್ಕೂ ಇರುವ ಕೂದಲೆಳೆಯ ಅಂತರವನ್ನು ಎರಡು ಕಣ್ಣಿನಿಂದ ಅಳೆದು ಬದುಕುವವನಿಗೆ ಆ ನಷ್ಟ ನಲವತ್ತೋ, ನೂರೋ? ಪಟ್ಟಿ ಬರೆದವರು ಲೇತಿನ ಮುಂದೆ ನಿಂತು ಹೇಳಲಿ.

"ಸಣ್ಣ ಅಂಗಡಿಯವರ ಮೇಲೆ ಖರ್ಚಿನ ಹೊರೆ ಹೇರುತ್ತೀರಿ" ಎಂಬ ಆಕ್ಷೇಪಣೆ ಬರುವುದು ಖಂಡಿತ. ಯಾವ ಹೊರೆ? ಒಂದು ಗ್ರಬ್ ಸ್ಕ್ರೂ, ಒಂದು ಆಲನ್ ಕೀಲಿ! ಸಣ್ಣ ಅಂಗಡಿಯ ಮಾಲೀಕನೇ ಅನೇಕ ಕಡೆ ಲೇತಿನ ಮುಂದೆ ನಿಲ್ಲುವ ಕೆಲಸಗಾರ. ಅವನ ಕೈ ಹೋದರೆ ಅಂಗಡಿಯೂ ಹೋಯಿತು. ರಿವರ್ಸ್ ಗುಂಡಿ ಇಟ್ಟು ಬೆಲೆ ಹೆಚ್ಚಿಸಿ, ಬೀಗವಿಲ್ಲದ ಚಕ್ಕನ್ನು ಕೈಗೆ ಕೊಡುವ ವ್ಯಾಪಾರವೇ ನಿಜವಾದ ಹೊರೆ.

ಆದುದರಿಂದ ನಮ್ಮ ಒತ್ತಾಯ ಸ್ಪಷ್ಟ. ರಿವರ್ಸ್ ಇರುವ ಲೇತನ್ನು ಬೀಗವಿರುವ ಚಕ್ಕಿಲ್ಲದೆ ಮಾರಕೂಡದು. ಬಳಸುವ ಕ್ರಮವನ್ನು ಕನ್ನಡದಲ್ಲಿ ಬರೆದು ಯಂತ್ರಕ್ಕೆ ಅಂಟಿಸಬೇಕು. ಇಪ್ಪತ್ತು ಮಂದಿಯಿಲ್ಲದ ಅಂಗಡಿಗೂ ಸುರಕ್ಷತೆಯ ನಿಯಮ ತಲುಪಬೇಕು. ಸರ್ಕಾರ ಎಚ್ಚರಗೊಳ್ಳುವವರೆಗೆ ಕಾಯಬೇಕಾದ ಕೆಲಸವೂ ಇದಲ್ಲ. ಕೆಲಸಗಾರರೇ, ನಾಳೆ ಬೆಳಿಗ್ಗೆ ಗುಂಡಿ ಒತ್ತುವ ಮುನ್ನ ಚಕ್ಕಿನ ಕುತ್ತಿಗೆಯನ್ನು ನೋಡಿ. ಅಲ್ಲಿ ಸ್ಕ್ರೂ ಇಲ್ಲವಾದರೆ ರಿವರ್ಸ್ ಓಡಿಸಲೊಪ್ಪಬೇಡಿ. ಹಾಗೆ ನಿರಾಕರಿಸುವುದು ಸೋಮಾರಿತನವಲ್ಲ. ಕೆಲಸ ಬಲ್ಲವನ ಹಕ್ಕು.