ಬಟಾಣಿಯಿಂದಲೇ ಶುರುಮಾಡಿ
ಆನುವಂಶಿಕತೆಯ ಪಾಠವೆಂದರೆ ಪ್ರಾಥಮಿಕ ಶಾಲೆಯಲ್ಲಿ ಇಂದಿಗೂ ನಾಲಿಗೆ ಸುರುಳಿ ಮಾಡಿಸುತ್ತಾರೆ, ಅಪ್ಪ-ಅಮ್ಮನ ಕಿವಿ ನೋಡಿಕೊಂಡು ಬಾ ಎನ್ನುತ್ತಾರೆ. ದಯವಿಟ್ಟು ಇದನ್ನು ಬಿಡಿ. ನಾಲಿಗೆ ಸುರುಳಿ ಆನುವಂಶಿಕ ಗುಣವೆಂದು 1940ರಲ್ಲಿ ಬರೆದ ತಳಿವಿಜ್ಞಾನಿ ಸ್ಟರ್ಟೆವಾಂಟ್ ಅವರೇ, ತದ್ರೂಪಿ ಅವಳಿಗಳಲ್ಲೂ ವ್ಯತ್ಯಾಸ ಕಂಡುಬಂದ ಮೇಲೆ ಆ ಮಾತನ್ನು ಕೈಬಿಟ್ಟರು. ದತ್ತು ಬಂದ ಮಗುವಿಗಂತೂ ಅಪ್ಪ-ಅಮ್ಮನ ಕಿವಿ ನೋಡುವ ಮನೆಗೆಲಸ ಬರೀ ಸಂಕಟ. ಆನುವಂಶಿಕತೆಯ ನಿಯಮ ಕಂಡುಕೊಂಡ ಮೆಂಡೆಲ್ ಎಣಿಸಿದ್ದು ಬಟಾಣಿಯನ್ನು: ದುಂಡು ಕಾಳು 5,474, ಸುಕ್ಕು ಕಾಳು 1,850. ಅದನ್ನೇ ತರಗತಿಯಲ್ಲಿ ಆಡಿಸಿ: ತಂದೆ-ತಾಯಿ ಗಿಡಗಳೆಂದುಕೊಂಡು ಎರಡು ಚೀಲಗಳಲ್ಲಿ ಕೆಂಪು, ಬಿಳಿ ಕಾಳುಗಳನ್ನು ಸಮಸಮವಾಗಿ ಬೆರೆಸಿಡಿ. ಮಗು ಕಣ್ಣುಮುಚ್ಚಿ ಒಂದೊಂದರಿಂದ ಒಂದು ಕಾಳು ತೆಗೆದು, ನೋಡಿ, ಮರಳಿ ಹಾಕಲಿ; ಹೀಗೆ ಹಲವು ಬಾರಿ. ಕೆಂಪು ಒಂದಿದ್ದರೂ ದುಂಡು, ಎರಡೂ ಬಿಳಿಯಾದರೆ ಸುಕ್ಕು. ಒಬ್ಬರ ಲೆಕ್ಕ ಅಡ್ಡಾದಿಡ್ಡಿ ಬರುತ್ತದೆ, ಬರಲಿ. ಇಡೀ ತರಗತಿಯದ್ದನ್ನು ಕರಿಹಲಗೆಯಲ್ಲಿ ಕೂಡಿಸಿದಾಗ ದುಂಡು-ಸುಕ್ಕಿನ ಲೆಕ್ಕ ಮೂರಕ್ಕೊಂದರ ಹತ್ತಿರ ಬರುವುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ.