ಅವರು ಕೇಳಿದ್ದು ಮೂರು ವರ್ಷದ ತಡೆ

2022ರ ಮೇ 24ರಂದು ಟೆಕ್ಸಾಸ್‌ನ ಯುವಾಲ್ಡಿ ಎಂಬ ಸಣ್ಣ ಊರಿನಲ್ಲಿ, ರಾಬ್ ಪ್ರಾಥಮಿಕ ಶಾಲೆಗೆ ಹದಿನೆಂಟರ ಹುಡುಗನೊಬ್ಬ ರೈಫಲ್ ಹಿಡಿದು ನುಗ್ಗಿದ. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಆ ಶಾಲೆಗೆ ಭದ್ರತೆಯೇ ಇರಲಿಲ್ಲ ಎನ್ನುವಂತಿಲ್ಲ. ಸುತ್ತ ಬೇಲಿ ಇತ್ತು. ಅಲ್ಲಿನ ಶಾಲೆಗಳಿಗೆಂದೇ ಪ್ರತ್ಯೇಕ ಪೊಲೀಸ್ ಪಡೆಯಿತ್ತು. ಬಾಗಿಲುಗಳಿಗೆ ಬೀಗ ಬಿದ್ದಿರಬೇಕೆಂಬ ನಿಯಮವೂ ಇತ್ತು. ಅಂದು ಅವನು ಒಳಬಂದ ಬಾಗಿಲು ಮುಚ್ಚಿತ್ತೇ ಹೊರತು ಬೀಗ ಬಿದ್ದಿರಲಿಲ್ಲ. ಸ್ಥಳಕ್ಕೆ ಒಟ್ಟು 376 ಪೊಲೀಸರು ಬಂದರು. ಅವರು ತರಗತಿಯೊಳಗೆ ನುಗ್ಗಿ ಅವನನ್ನು ಹೊಡೆದುರುಳಿಸುವ ಹೊತ್ತಿಗೆ 77 ನಿಮಿಷ ಕಳೆದಿತ್ತು. ಆ ನಡುವೆ ಒಳಗಿದ್ದ ಮಕ್ಕಳು ಪೊಲೀಸರಿಗೇ ಫೋನ್ ಮಾಡಿ ಬನ್ನಿ ಎನ್ನುತ್ತಿದ್ದರು. ಹೊರಗೆ ಹೆತ್ತವರು ಗೋಗರೆಯುತ್ತಿದ್ದರು.

ಕಾವಲು ಬೇಡವೆಂದು ನಾನು ಹೇಳಲಾರೆ. 2023ರಲ್ಲಿ ನ್ಯಾಶ್‌ವಿಲ್‌ನ ಶಾಲೆಯೊಂದರಲ್ಲಿ ಗುಂಡಿನ ದಾಳಿಯಾದಾಗ ಪೊಲೀಸರು ಒಂದು ಕ್ಷಣವೂ ಕಾಯದೆ ಒಳಗೆ ಹೋದರು. ಅದರಿಂದ ಉಳಿದ ಜೀವಗಳಿಗೆ ಬೆಲೆ ಕಟ್ಟಲಾಗದು. ಆದರೆ ಅಷ್ಟರಲ್ಲೇ ಆರು ಮಂದಿ ಸತ್ತಿದ್ದರು, ಅವರಲ್ಲಿ ಮೂವರು ಮಕ್ಕಳು. ಅಲ್ಲಿ ಬಾಗಿಲಿಗೆ ಬೀಗವಿತ್ತು, ಗಾಜಿಗೆ ಗುಂಡು ಹಾರಿಸಿಯೇ ದಾರಿ ಮಾಡಿಕೊಳ್ಳಲಾಯಿತು. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯ ದಾಳಿಯಲ್ಲಿ ಆದದ್ದೂ ಹಾಗೆಯೇ. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಮಂದಿ ಸಾಯುತ್ತಿದ್ದಾಗ ಬಂದೂಕುಧಾರಿ ಕಾವಲು ಅಧಿಕಾರಿ ಕಟ್ಟಡದ ಹೊರಗೇ ನಿಂತಿದ್ದ.

ಬೀಗಕ್ಕೂ ಕಾವಲಿಗೂ ಕೆಲಸ ಬರುವುದು ಬಂದೂಕು ಶಾಲೆಯ ಅಂಗಳ ಮುಟ್ಟಿದ ಮೇಲೆ. ಅದಕ್ಕೂ ಹಿಂದಿನ ದಿನಗಳನ್ನು ನೋಡಬೇಕು. ಯುವಾಲ್ಡಿಯ ಆ ಹುಡುಗ 18 ತುಂಬುತ್ತಲೇ, ಕೆಲವೇ ದಿನಗಳಲ್ಲಿ, ಎರಡು ರೈಫಲ್ ಕೊಂಡ. ಎಲ್ಲವೂ ಕಾನೂನು ಪ್ರಕಾರವೇ. ಆಗಿನ ಫೆಡರಲ್ ಕಾನೂನಿನಂತೆ ಪರವಾನಗಿ ಇರುವ ಅಂಗಡಿಯವನು ಅವನಿಗೆ ಪಿಸ್ತೂಲು ಮಾರುವಂತಿರಲಿಲ್ಲ, ಅದಕ್ಕೆ 21 ಆಗಿರಬೇಕಿತ್ತು. ಬಿಯರ್ ಕೊಳ್ಳಲೂ 21. ಸೈನಿಕರ ಬಂದೂಕಿನ ಮಾದರಿಯ ರೈಫಲ್‌ಗೆ ಮಾತ್ರ 18 ಸಾಕು.

ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರು 2023ರಲ್ಲಿ ಆಸ್ಟಿನ್‌ನಲ್ಲಿರುವ ರಾಜ್ಯ ಶಾಸನಸಭೆಗೆ ಹೋಗಿ, ಗಂಟೆಗಟ್ಟಲೆ ಕಾದು, ಈ ವಯಸ್ಸನ್ನೂ 21ಕ್ಕೆ ಏರಿಸಿ ಎಂದು ಬೇಡಿದರು. ಬಂದೂಕನ್ನೇ ನಿಷೇಧಿಸಿ ಎನ್ನಲಿಲ್ಲ. ಅದಕ್ಕೆಂದು ತಂದ ಮಸೂದೆ ಸಮಿತಿಯಲ್ಲಿ ಗೆದ್ದಿತು, ಆದರೆ ಸದನದಲ್ಲಿ ಮತಕ್ಕೇ ಬರಲಿಲ್ಲ. ಅದೇ ಅಧಿವೇಶನದಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಒಬ್ಬ ಶಸ್ತ್ರಧಾರಿ ಕಾವಲುಗಾರ ಇರಬೇಕೆಂಬ ಕಾನೂನು ಪಾಸಾಯಿತು. 376 ಜನ ಬಂದೂ ಆಗದ ಕೆಲಸವನ್ನು ಒಬ್ಬನ ಹೆಗಲಿಗೆ ಹೊರಿಸಿ ಶಾಸಕರು ಮನೆಗೆ ಹೋದದ್ದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಡಲ್ಲಾಸ್, ಹ್ಯೂಸ್ಟನ್‌ಗಳಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳು ಓದುವುದೂ ಇದೇ ರಾಜ್ಯದ ಶಾಲೆಗಳಲ್ಲಿ. ದೀಪ ಆರಿಸಿ, ಬಾಗಿಲು ಹಾಕಿ, ಸದ್ದಿಲ್ಲದೆ ಮೂಲೆಯಲ್ಲಿ ಕೂರುವ ಅಭ್ಯಾಸ ಅವರಿಗೂ ಆಗಿದೆ.

ವಯಸ್ಸು ಏರಿಸಿ ಎಂದರೆ, ಸಂವಿಧಾನ ಬಿಡುವುದಿಲ್ಲ ಎಂಬುದು ಅಲ್ಲಿನ ಸಿದ್ಧ ಉತ್ತರ. ಬಂದೂಕು ಇಟ್ಟುಕೊಳ್ಳುವ ಹಕ್ಕು ಅಲ್ಲಿ ಸಂವಿಧಾನದಲ್ಲೇ ಇದೆ, ನಿಜ. ಆದರೆ ಪಾರ್ಕ್‌ಲ್ಯಾಂಡ್ ದುರಂತವಾಗಿ ತಿಂಗಳು ತುಂಬುವ ಮೊದಲೇ ಫ್ಲಾರಿಡಾ ಎರಡನ್ನೂ ಮಾಡಿತು: ಶಾಲೆಗಳಿಗೆ ಕಾವಲೂ ಹಾಕಿತು, ರೈಫಲ್ ಕೊಳ್ಳುವ ವಯಸ್ಸನ್ನೂ 21ಕ್ಕೆ ಏರಿಸಿತು. ಸಹಿ ಹಾಕಿದವರು ರಿಪಬ್ಲಿಕನ್ ಪಕ್ಷದ ಗವರ್ನರ್ ರಿಕ್ ಸ್ಕಾಟ್. ಬಂದೂಕು ಸಂಘಟನೆ ಎನ್‌ಆರ್‌ಎ ಕೋರ್ಟಿಗೆ ಹೋಯಿತು. 2025ರ ಮಾರ್ಚ್‌ನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ಕಾನೂನನ್ನು ಎತ್ತಿಹಿಡಿಯಿತು. ಟೆಕ್ಸಾಸ್ ಶಾಸಕರು ವಯಸ್ಸು ಏರಿಸುವ ಆ ಮಸೂದೆಯನ್ನು ಈಗಲಾದರೂ ಸದನಕ್ಕೆ ತಂದು, ಯುವಾಲ್ಡಿಯ ಹೆತ್ತವರ ಎದುರಿಗೇ ಮತ ಹಾಕಲಿ.