ಸಹಿ ಸಾಲದು, ಉತ್ತರ ಬೇಕು

ನರ್ಸಿಂಗ್ ಕಲಿಯುವ ಹುಡುಗಿಯರೇ ಚುಚ್ಚುಮದ್ದಿಗೆ ಹಿಂದೆಗೆದರೆ ಹಳ್ಳಿಯವರಿಗೆ ಬುದ್ಧಿ ಹೇಳುವವರು ಯಾರೆಂದು ದೊಡ್ಡವರು ಕೇಳುತ್ತಾರೆ. ಕೊರೋನಾ ಕಾಲದಲ್ಲಿ ಈ ದೂರು ದೇಶದಲ್ಲೆಲ್ಲ ಕೇಳಿಬಂತು. ಹುಡುಗಿಯರನ್ನು ಬೈಯುವ ಮೊದಲು ಅವರು ಯಾರ ಮಕ್ಕಳೆಂದು ನೋಡಿರಿ ಎನ್ನುತ್ತೇವೆ ನಾವು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳಲ್ಲಿ ಬೀಡಿ ಕಟ್ಟಿ, ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು, ಸಣ್ಣ ಅಂಗಡಿ ನಡೆಸಿ ಮಗಳ ಫೀಸು ತುಂಬುವ ಮನೆಗಳವರು ಅವರು. ಆ ಮನೆಗಳಿಗೆ ನೆನಪು ಗಟ್ಟಿ.

ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ನಿಡ್ಲೆಯ ಕಡೆ ಎದ್ದಿತು. ಗೇರು ತೋಟಕ್ಕೆಂದು ಕಾಡು ಕಡಿಸಲಾಗಿತ್ತು. ಕಡಿಯಿರೆಂದು ಅಪ್ಪಣೆ ಕೊಟ್ಟವರನ್ನು ಉಣ್ಣಿ ಕಚ್ಚಲಿಲ್ಲ. ಕಚ್ಚಿದ್ದು ಕೂಲಿಯವರನ್ನು, ಸೌದೆಗೆ ಹೋದವರನ್ನು. ಮುಂದೆ ಈ ರೋಗಕ್ಕೆ ಚುಚ್ಚುಮದ್ದು ಬಂತು. ತಿಂಗಳ ಅಂತರದಲ್ಲಿ ಎರಡು, ಕೆಲವು ತಿಂಗಳ ಮೇಲೆ ಮತ್ತೊಂದು, ಆಮೇಲೆ ವರ್ಷಕ್ಕೊಂದು. ನೋವು ವಿಪರೀತ. ತೋಳು ಎತ್ತಲಾಗದೆ ಕೂಲಿ ತಪ್ಪಿದರೆ ಕೊಡುವವರು ಯಾರು? ಬೇಡವೆಂದವರಿಗೆ ಅಜ್ಞಾನಿಗಳೆಂಬ ಹೆಸರು ಬಂತು. ಕಡೆಗೆ 2022ರಲ್ಲಿ, ಆ ಮದ್ದಿಗೆ ಬೇಕಾದ ಶಕ್ತಿಯಿಲ್ಲವೆಂದು ಸರಕಾರವೇ ಅದನ್ನು ನಿಲ್ಲಿಸಿತು!

ಹಾಗೆಂದು ಚುಚ್ಚುಮದ್ದೇ ಮೋಸವೆನ್ನುವವರ ಜೊತೆ ನಾವಿಲ್ಲ. ಸಿಡುಬು 1975ರಲ್ಲಿ ಈ ದೇಶ ಬಿಟ್ಟದ್ದು ಹರಕೆಯಿಂದಲ್ಲ. 2014ರಲ್ಲಿ ಪೋಲಿಯೋ ಇಲ್ಲವೆಂದು ಸಾರುವಂತಾದದ್ದು ಮನೆಮನೆ ತಿರುಗಿದ ಹೆಂಗಸರ ದುಡಿಮೆಯಿಂದ. ಕೊರೋನಾ ಮದ್ದೂ ಅಸಂಖ್ಯ ಜೀವ ಉಳಿಸಿತು. ಆದರೆ ಅದನ್ನು ಕೊಟ್ಟ ರೀತಿ ಎಂಥದು? 2021ರ ಜನವರಿ 16ರಂದು ಆಸ್ಪತ್ರೆಯ ನೌಕರರಿಂದಲೇ ಆರಂಭವಾಯಿತು. ಕೊವ್ಯಾಕ್ಸಿನ್ ಮದ್ದಿನ ಮೂರನೆಯ ಹಂತದ ಪ್ರಯೋಗದ ಫಲ ಆಗಿನ್ನೂ ಹೊರಬಂದಿರಲಿಲ್ಲ. ಚುಚ್ಚಿಸಿಕೊಳ್ಳುವವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಮದ್ದು ಒಳ್ಳೆಯದೆಂದು ಮುಂದೆ ಸಿದ್ಧವಾಯಿತು, ಸಂತೋಷ. ಆ ದಿನ "ಫಲ ಎಲ್ಲಿ?" ಎಂದು ಕೇಳಿದ ವಿದ್ಯಾರ್ಥಿನಿ ಮಾತ್ರ ತಪ್ಪಿತಸ್ಥಳಲ್ಲ. ರೋಗಿಗೆ ಮದ್ದು ಕೊಡುವ ಮೊದಲು ಚೀಟಿ ಓದು ಎಂದು ಕಲಿಸುವವರು, ತನ್ನ ತೋಳಿಗೆ ಬರುವ ಮದ್ದಿನ ಚೀಟಿಯನ್ನು ಅವಳು ಓದಬಾರದೆನ್ನುತ್ತಾರೆಯೇ?

ಗಿರಣಿಯ ಗೆಳೆಯರಿಗೆ ಇದು ಬೇಗ ಅರ್ಥವಾದೀತು. ತಿರುಗುವ ಚಕ್ರಕ್ಕೆ ಕವಚ ಹಾಕಿಸುವುದು ಮಾಲಿಕನ ಹೊಣೆ, ಕೆಲಸಗಾರನ ಧೈರ್ಯದ ಪರೀಕ್ಷೆಯಲ್ಲ. ವಾರ್ಡಿನಲ್ಲಿ ಬಳಸಿದ ಸೂಜಿ ಕೈಗೆ ಚುಚ್ಚಿದರೆ ಹೆಪಟೈಟಿಸ್ ಬಿ ತಗಲಬಹುದು. ಯಕೃತ್ತನ್ನು ಹಾಳುಮಾಡುವ ರೋಗ ಅದು. ಆರು ತಿಂಗಳಲ್ಲಿ ಮೂರು ಸಲ ಕೊಡುವ ಚುಚ್ಚುಮದ್ದು ಅದನ್ನು ತಡೆಯುತ್ತದೆ. ಇದೇ ಅವಳ ಕವಚ.

ಆದುದರಿಂದ ನಮ್ಮ ಬೇಡಿಕೆ ಇಷ್ಟೇ. ವಾರ್ಡಿಗೆ ಕಳುಹಿಸುವ ಮೊದಲೇ ಈ ಮೂರೂ ಸಲದ ಮದ್ದು ಸಂಸ್ಥೆಯ ಖರ್ಚಿನಲ್ಲಿ ಆಗಬೇಕು, ಬೀಡಿಯ ಮಜೂರಿಯಿಂದಲ್ಲ. ಯಾವುದೇ ಮದ್ದಿರಲಿ, ಅದರ ಗುಣವನ್ನೂ ದೋಷವನ್ನೂ ಕನ್ನಡದಲ್ಲಿ ಕೂತು ಹೇಳುವ ವೈದ್ಯರು ಬೇಕು, ಅಡ್ಡಪ್ರಶ್ನೆಗೆ ಸಿಡುಕದವರು. ಚುಚ್ಚಿಸಿಕೊಂಡ ಮರುದಿನ ಜ್ವರ ಬಂದು ಮಲಗಿದವಳ ಹಾಜರಿ ಕಡಿಯಬಾರದು.